ಶಾಲಾ ನಿರ್ವಹಣಾ ಸಮಿತಿ: ಪಾಲಕ ಸದಸ್ಯರ ಆಯ್ಕೆಯ ನಿಯಮಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ಎಂಬ ಕೇಂದ್ರ ಶಾಸನವು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷ ವಯಸ್ಸಿನ ಪ್ರತಿಯೊಂದು ಮಗುವೂ ನೆರೆಹೊರೆಯ ಶಾಲೆಯಲ್ಲಿ ಶುಲ್ಕವಿಲ್ಲದೆ ಪ್ರಾಥಮಿಕ ಶಿಕ್ಷಣವನ್ನು ಪಡೆಯುವ ಹಕ್ಕುಳ್ಳದ್ದಾಗಿದೆ ಎಂಬ ಸಂಗತಿಯು ಈಗ ಬಹುಮಟ್ಟಿಗೆ ಎಲ್ಲರಿಗೂ ತಿಳಿದಿದೆ. ಇದೇ ಅಧಿನಿಯಮದ 21ನೆಯ ಪ್ರಕರಣವು ಮಕ್ಕಳ ತಂದೆತಾಯಿಗಳಿಗೂ ಒಂದು ಅಧಿಕಾರವನ್ನು ಕೊಟ್ಟಿದೆ ಎಂಬುದು ಮಾತ್ರ ಅಷ್ಟಾಗಿ ತಿಳಿದಂತಿಲ್ಲ. ಸರ್ಕಾರಿ ಶಾಲೆ, ನಗರಪಾಲಿಕೆ ಅಥವಾ ಜಿಲ್ಲಾ ಪರಿಷತ್ತಿನ ಶಾಲೆ ಮತ್ತು ಅನುದಾನಿತ ಶಾಲೆ, ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಶಾಲಾ ನಿರ್ವಹಣಾ ಸಮಿತಿ ಇರಬೇಕು; ಅದರ ಸದಸ್ಯರಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗದಷ್ಟು ಮಂದಿ ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳು ಅಥವಾ ಪೋಷಕರೇ ಆಗಿರತಕ್ಕದ್ದು. ಸರ್ಕಾರದಿಂದ ಯಾವ ಅನುದಾನವನ್ನೂ ಪಡೆಯದ ಖಾಸಗಿ ಶಾಲೆಗಳಿಗೆ ಈ ಪ್ರಕರಣವು ಅನ್ವಯಿಸುವುದಿಲ್ಲ.

ಕರ್ನಾಟಕದಿಂದ ಬಂದು ಬೇರೆ ರಾಜ್ಯಗಳಲ್ಲಿ ನೆಲೆಸಿದವರಿಗೆ ಈ ಸಮಿತಿಯು ಬೇರೆ ಬೇರೆ ಹೆಸರುಗಳಲ್ಲಿ ಎದುರಾಗುತ್ತದೆ. ಮಹಾರಾಷ್ಟ್ರದಲ್ಲಿ ಅದು ಶಾಲಾ ವ್ಯವಸ್ಥಾಪನ ಸಮಿತಿ. ತಮಿಳುನಾಡಿನಲ್ಲಿ ಪಳ್ಳಿ ಮೇಲಾಣ್ಮೈ ಕುಳು. ದೆಹಲಿಯಲ್ಲಿ ವಿದ್ಯಾಲಯ ಪ್ರಬಂಧನ ಸಮಿತಿ. ಕಚೇರಿಗಳಲ್ಲಿ ಎಲ್ಲೆಡೆಯೂ ಎಸ್.ಎಂ.ಸಿ. ಎಂಬ ಮೂರು ಅಕ್ಷರಗಳೇ ಬಳಕೆಯಲ್ಲಿವೆ. ಕರ್ನಾಟಕದಲ್ಲಿ ಇದಕ್ಕೆ ಸಂವಾದಿಯಾದುದು ಎಸ್.ಡಿ.ಎಂ.ಸಿ., ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕೇಂದ್ರ ಅಧಿನಿಯಮಕ್ಕಿಂತ ಎಂಟು ವರ್ಷ ಮೊದಲೇ, 2001ರ ಏಪ್ರಿಲ್ ತಿಂಗಳ ಸರ್ಕಾರಿ ಆದೇಶದ ಮೂಲಕ ಕರ್ನಾಟಕವು ಈ ಸಮಿತಿಗಳನ್ನು ರಚಿಸಿತು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸು ಅದಕ್ಕೆ ಹಿನ್ನೆಲೆಯಾಗಿತ್ತು. ಶಾಲೆಯ ಎಲ್ಲ ಪಾಲಕರ ಪರಿಷತ್ತು ತನ್ನೊಳಗಿನಿಂದ ಒಂಬತ್ತು ಮಂದಿ ಪ್ರತಿನಿಧಿಗಳನ್ನು ಚುನಾಯಿಸಬೇಕು, ಅವರಲ್ಲೊಬ್ಬರು ಅಧ್ಯಕ್ಷರಾಗಬೇಕು ಎಂಬುದು ಆ ಆದೇಶದ ಸಾರ. ಊರಿನಲ್ಲಿ ಎಸ್.ಡಿ.ಎಂ.ಸಿ.ಯ ಪರಿಚಯವಿದ್ದವರಿಗೆ ಮುಂದಿನ ವಿವರಣೆಯು ಕಷ್ಟವೆನಿಸಲಾರದು.

ಸದಸ್ಯರ ಲೆಕ್ಕ

ಅಧಿನಿಯಮವು ಮೂರು ಕಟ್ಟುಗಳನ್ನು ವಿಧಿಸಿದೆ. ಮೊದಲನೆಯದು, ಮೇಲೆ ಹೇಳಿದ ಪಾಲಕರ ಮುಕ್ಕಾಲು ಪಾಲು. ಎರಡನೆಯದು, ಅನನುಕೂಲ ವರ್ಗ ಮತ್ತು ದುರ್ಬಲ ವರ್ಗಗಳಿಗೆ ಸೇರಿದ ಮಕ್ಕಳ ಪಾಲಕರಿಗೆ ಅವರವರ ಸಂಖ್ಯೆಗೆ ಅನುಗುಣವಾದ ಪ್ರಾತಿನಿಧ್ಯ. ಮೂರನೆಯದು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಇವು ಕೇಂದ್ರ ಶಾಸನದ ಮಾತುಗಳಾದುದರಿಂದ ಯಾವ ರಾಜ್ಯದ ನಿಯಮವೂ ಇವನ್ನು ಮೀರಲಾಗದು.

ಉಳಿದ ಕಾಲು ಭಾಗದ ಹಂಚಿಕೆಯನ್ನು 2010ರ ಕೇಂದ್ರ ನಿಯಮಗಳಲ್ಲಿ ತಿಳಿಸಲಾಗಿದೆ. ಅದರಲ್ಲಿ ಮೂರನೆಯ ಒಂದು ಭಾಗ ಸ್ಥಳೀಯ ಪ್ರಾಧಿಕಾರದ ಚುನಾಯಿತ ಸದಸ್ಯರಿಗೆ. ಅವರು ಯಾರೆಂಬುದನ್ನು ಆ ಪ್ರಾಧಿಕಾರವೇ ನಿರ್ಧರಿಸುತ್ತದೆ. ಇನ್ನೊಂದು ಭಾಗ ಶಾಲೆಯ ಶಿಕ್ಷಕರಿಗೆ. ಅವರನ್ನು ಶಿಕ್ಷಕರೇ ನಿರ್ಧರಿಸುತ್ತಾರೆ. ಕೊನೆಯ ಭಾಗ ಸ್ಥಳೀಯ ಶಿಕ್ಷಣತಜ್ಞರಿಗೆ ಅಥವಾ ಶಾಲೆಯ ಮಕ್ಕಳಿಗೆ. ಅವರನ್ನು ಆರಿಸುವವರು ಸಮಿತಿಯಲ್ಲಿರುವ ಪಾಲಕ ಸದಸ್ಯರು. ಹನ್ನೆರಡು ಮಂದಿಯ ಸಮಿತಿಯಾದರೆ ಒಂಬತ್ತು ಪಾಲಕರು, ಉಳಿದ ಮೂರು ಬಗೆಗೆ ಒಬ್ಬೊಬ್ಬರು, ಒಟ್ಟಿನಲ್ಲಿ ಆರು ಮಂದಿ ಮಹಿಳೆಯರು ಎಂದು ಲೆಕ್ಕ ಸಲೀಸಾಗಿ ಕೂಡುತ್ತದೆ. ಹದಿನಾರು ಮಂದಿಯ ಸಮಿತಿಯಲ್ಲಿ ಉಳಿಯುವ ನಾಲ್ಕು ಸ್ಥಾನಗಳನ್ನು ಮೂರು ಪಾಲು ಮಾಡಲು ಬರುವುದಿಲ್ಲ. ಇಂತಹ ಕಡೆ ರಾಜ್ಯದ ನಿಯಮ ಅಥವಾ ಸುತ್ತೋಲೆಯನ್ನೇ ನೋಡಬೇಕಾಗುತ್ತದೆ.

ಪ್ರಾತಿನಿಧ್ಯದ ಲೆಕ್ಕಕ್ಕೆ ಒಂದು ಉದಾಹರಣೆ. ಇನ್ನೂರು ಮಕ್ಕಳ ಶಾಲೆಯಲ್ಲಿ ಎಂಬತ್ತು ಮಕ್ಕಳು ಅನನುಕೂಲ ಅಥವಾ ದುರ್ಬಲ ವರ್ಗಗಳಿಗೆ ಸೇರಿದ್ದರೆ ಒಂಬತ್ತು ಪಾಲಕ ಸ್ಥಾನಗಳಲ್ಲಿ ಮೂರೂವರೆಗಿಂತ ಸ್ವಲ್ಪ ಹೆಚ್ಚು, ಅಂದರೆ ವ್ಯವಹಾರದಲ್ಲಿ ನಾಲ್ಕು, ಆ ಮಕ್ಕಳ ಪಾಲಕರಿಗೆ ಸಲ್ಲಬೇಕು. ಅನನುಕೂಲ ವರ್ಗವೆಂದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗದ ಮಕ್ಕಳು. 2012ರ ತಿದ್ದುಪಡಿಯಿಂದ ಅಂಗವೈಕಲ್ಯವುಳ್ಳ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಹೊರನಾಡ ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಮಾತು ಈ ವ್ಯಾಖ್ಯೆಯಲ್ಲಿದೆ. ಸಾಮಾಜಿಕ, ಸಾಂಸ್ಕೃತಿಕ, ಆರ್ಥಿಕ, ಭೌಗೋಳಿಕ ಕಾರಣಗಳ ಜೊತೆಗೆ ಭಾಷೆಯ ಕಾರಣದಿಂದ ಅನನುಕೂಲಕ್ಕೆ ಒಳಗಾದ ಇತರ ಗುಂಪುಗಳನ್ನೂ ಸಮುಚಿತ ಸರ್ಕಾರವು ಅಧಿಸೂಚನೆಯ ಮೂಲಕ ಈ ವರ್ಗಕ್ಕೆ ಸೇರಿಸಬಹುದು. ಅಧಿಸೂಚನೆ ಹೊರಡದೆ ಈ ಮಾತಿಗೆ ಬಲ ಬರುವುದಿಲ್ಲವೆಂಬುದೂ ಅಷ್ಟೇ ನಿಜ. ದುರ್ಬಲ ವರ್ಗವೆಂಬುದು ವರಮಾನಕ್ಕೆ ಸಂಬಂಧಿಸಿದ್ದು. ಅದರ ಮಿತಿಯನ್ನು ಅಧಿಸೂಚನೆಯಲ್ಲಿ ಗೊತ್ತುಪಡಿಸಲಾಗುತ್ತದೆ.

ಕೇಂದ್ರ ನಿಯಮಗಳ ಮೇರೆಗೆ ಅಧ್ಯಕ್ಷರು ಮತ್ತು ಉಪಾಧ್ಯಕ್ಷರು ಇಬ್ಬರೂ ಪಾಲಕ ಸದಸ್ಯರೇ ಆಗಿರತಕ್ಕದ್ದು. ಅವರನ್ನು ಸಮಿತಿಯು ಚುನಾಯಿಸುತ್ತದೆ. ಮುಖ್ಯೋಪಾಧ್ಯಾಯರು, ಅವರಿಲ್ಲದಿದ್ದರೆ ಹಿರಿಯ ಶಿಕ್ಷಕರು, ಪದನಿಮಿತ್ತ ಸದಸ್ಯ ಸಂಚಾಲಕರು. ಸಮಿತಿಯನ್ನು ಎರಡು ವರ್ಷಗಳಿಗೊಮ್ಮೆ ಪುನರ್ರಚಿಸಬೇಕು.

ಪಾಲಕರನ್ನು ಆರಿಸುವವರು ಯಾರು?

ಅಧಿನಿಯಮವನ್ನು ಎಚ್ಚರಿಕೆಯಿಂದ ಓದಿದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. 21ನೆಯ ಪ್ರಕರಣದಲ್ಲಿ “ಚುನಾಯಿತ” ಎಂಬ ಪದವಿರುವುದು ಸ್ಥಳೀಯ ಪ್ರಾಧಿಕಾರದ ಪ್ರತಿನಿಧಿಗಳಿಗೆ ವಿಶೇಷಣವಾಗಿ. ಪಾಲಕರ ಬಗ್ಗೆ ಹೇಳುವಾಗ ಅವರು ಸಮಿತಿಯಲ್ಲಿರಬೇಕು ಎಂದಿದೆಯೇ ಹೊರತು ಅವರನ್ನು ಯಾರು, ಹೇಗೆ ಆರಿಸಬೇಕೆಂದಿಲ್ಲ. ಕೇಂದ್ರ ನಿಯಮಗಳೂ ಶಿಕ್ಷಕರನ್ನು ಶಿಕ್ಷಕರು, ಸ್ಥಳೀಯ ಪ್ರತಿನಿಧಿಗಳನ್ನು ಸ್ಥಳೀಯ ಪ್ರಾಧಿಕಾರ ಆರಿಸಬೇಕೆಂದು ಸ್ಪಷ್ಟಪಡಿಸಿ, ಅತಿ ದೊಡ್ಡ ಪಾಲಾದ ಪಾಲಕರ ವಿಷಯದಲ್ಲಿ ಮೌನವಾಗಿವೆ. ಈ ಮೌನವನ್ನು ತುಂಬುವ ಕೆಲಸ ರಾಜ್ಯಗಳ ಪಾಲಿಗೆ ಬಂದಿದೆ. ಕೆಲವು ರಾಜ್ಯಗಳು ಅದನ್ನು ವಿವರವಾಗಿ ತುಂಬಿವೆ, ಕೆಲವು ಸ್ಥೂಲವಾಗಿ. ನಿಯಮವು ಸ್ಥೂಲವಾಗಿರುವಲ್ಲಿ ಮುಖ್ಯೋಪಾಧ್ಯಾಯರೇ ಪರಿಚಿತರ ಹೆಸರುಗಳನ್ನು ಬರೆದುಕೊಂಡು, ಬಳಿಕ ಅವರಿಂದ ಸಹಿ ಪಡೆಯುವುದಕ್ಕೆ ಅವಕಾಶವಾಗುತ್ತದೆ. ಇದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ. ಕರೆದ ಸಭೆಗೆ ಯಾರೂ ಬಾರದಿದ್ದಾಗ ಗಡುವಿನೊಳಗೆ ಪಟ್ಟಿ ಕಳುಹಿಸಬೇಕಾದವರು ಬೇರೇನು ಮಾಡಿಯಾರು? ಪರಿಣಾಮ ಮಾತ್ರ ಒಂದೇ: ಪಾಲಕರ ಮುಕ್ಕಾಲು ಪಾಲು ಕಾಗದದ ಮೇಲೆ ಪೂರ್ಣವಾಗಿರುತ್ತದೆ, ಆದರೆ ಆ ಸ್ಥಾನಗಳಲ್ಲಿ ಕುಳಿತವರು ಯಾರೆಂದು ಉಳಿದ ಪಾಲಕರಿಗೆ ತಿಳಿದಿರುವುದಿಲ್ಲ.

ವಿವರವಾದ ನಿಯಮಕ್ಕೆ ತೆಲಂಗಾಣವು ಒಳ್ಳೆಯ ನಿದರ್ಶನ. ಅವಿಭಜಿತ ಆಂಧ್ರಪ್ರದೇಶದ ಕಾಲದಲ್ಲಿ ರೂಪುಗೊಂಡ ನಿಯಮಗಳ ಮೇರೆಗೆ ಅಲ್ಲಿ ಚುನಾವಣೆ ನಡೆಯುವುದು ತರಗತಿವಾರು. ಪ್ರತಿಯೊಂದು ತರಗತಿಯ ಪಾಲಕರು ಸೇರಿ ತಮ್ಮೊಳಗಿನಿಂದ ಮೂವರನ್ನು ಆರಿಸುತ್ತಾರೆ. ಆ ಮೂವರಲ್ಲಿ ಇಬ್ಬರು ಮಹಿಳೆಯರಾಗಿರಬೇಕು; ಅನನುಕೂಲ ವರ್ಗದಿಂದ ಒಬ್ಬರು, ದುರ್ಬಲ ವರ್ಗದಿಂದ ಒಬ್ಬರು ಇರಬೇಕು. ಸಾಮಾನ್ಯವಾಗಿ ಕೈ ಎತ್ತುವ ಮೂಲಕ ಅಥವಾ ಧ್ವನಿಮತದಿಂದ ಆಯ್ಕೆಯಾಗುತ್ತದೆ. ತೀವ್ರ ಭಿನ್ನಾಭಿಪ್ರಾಯವಿದ್ದಾಗ ಗುಪ್ತ ಮತದಾನವನ್ನು ನಡೆಸಬಹುದು. ಈ ಪದ್ಧತಿಯ ಗುಣವೆಂದರೆ ಒಂದನೆಯ ತರಗತಿಗೆ ಈಗತಾನೇ ಮಗುವನ್ನು ಸೇರಿಸಿದ ತಾಯಿಗೂ ಸ್ಥಾನ ದೊರೆಯುತ್ತದೆ. ಇಡೀ ಶಾಲೆಗೆ ಒಂದೇ ಸಭೆಯಾದರೆ ಹಳಬರ, ಮಾತು ಬಲ್ಲವರ ಹೆಸರುಗಳೇ ಮುಂದೆ ಬರುವುದು ಸಹಜ.

ಮಹಾರಾಷ್ಟ್ರದಲ್ಲಿ ಸಮಿತಿಯ ಸದಸ್ಯಬಲ ಹನ್ನೆರಡರಿಂದ ಹದಿನಾರು. ಪಾಲಕ ಸದಸ್ಯರನ್ನು ಪಾಲಕರ ಸಭೆಯಲ್ಲಿ ಆರಿಸಲಾಗುತ್ತದೆ, ಅವರಲ್ಲೊಬ್ಬರು ಅಧ್ಯಕ್ಷರಾಗುತ್ತಾರೆ, ಮುಖ್ಯೋಪಾಧ್ಯಾಯರು ಕಾರ್ಯದರ್ಶಿಯಾಗಿರುತ್ತಾರೆ. ತಮಿಳುನಾಡಿನಲ್ಲಿ 2022ರಲ್ಲಿ ಸರ್ಕಾರಿ ಶಾಲೆಗಳ ಸಮಿತಿಗಳನ್ನು ವ್ಯಾಪಕವಾಗಿ ಪುನರ್ರಚಿಸಿದಾಗ ಇಪ್ಪತ್ತು ಸದಸ್ಯರಲ್ಲಿ ಹದಿನೈದು ಮಂದಿ ಪಾಲಕರಾಗಿದ್ದರು. ಅಧ್ಯಕ್ಷ ಸ್ಥಾನವನ್ನು ತಾಯಂದಿರಿಗೆ ಮೀಸಲಿಡಲಾಗಿತ್ತು. 2024ರ ಪುನರ್ರಚನೆಯಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಸ್ಥಾನ ಕೊಟ್ಟು ಸದಸ್ಯಬಲವನ್ನು ಇಪ್ಪತ್ತನಾಲ್ಕಕ್ಕೆ ಏರಿಸಲಾಯಿತು.

ದೆಹಲಿಯ ಕ್ರಮ ಬೇರೆ. 2011ರ ದೆಹಲಿ ನಿಯಮಗಳ ಪ್ರಕಾರ ಹದಿನಾರು ಸದಸ್ಯರಲ್ಲಿ ಹನ್ನೆರಡು ಮಂದಿ ಪಾಲಕರು. ಆದರೆ ಶಾಲೆಯ ಮುಖ್ಯಸ್ಥರೇ ಪದನಿಮಿತ್ತ ಅಧ್ಯಕ್ಷರು. ಪಾಲಕರಿಗೆ ದೊರೆಯುವುದು ಉಪಾಧ್ಯಕ್ಷ ಸ್ಥಾನ. ಸಭೆಯನ್ನು ಕರೆಯುವವರು, ಅಧ್ಯಕ್ಷತೆ ವಹಿಸುವವರು, ಪರಿಶೀಲನೆಗೆ ಒಳಗಾಗಬೇಕಾದವರು ಒಬ್ಬರೇ ಆಗುವುದು ಅಷ್ಟು ಸಮಂಜಸವಲ್ಲವೆಂದು ಹೇಳಬಹುದು. ಆದರೂ ಪಾಲಕ ಸದಸ್ಯರಿಗಾಗಿ ಶಾಲೆಶಾಲೆಗಳಲ್ಲಿ ನಿಜವಾದ ಮತದಾನ ನಡೆಸಿದ ಕೀರ್ತಿಯೂ ದೆಹಲಿಗೆ ಇದೆ. 2015ರಲ್ಲಿ ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಇಂತಹ ಚುನಾವಣೆಯಾಯಿತು.

ಹಿಂದಿನ ಶಿಕ್ಷಣ ಮಂಡಳಗಳೊಂದಿಗೆ ಈ ಸಮಿತಿಗಳನ್ನು ಬೆರೆಸಿ ತಿಳಿಯಬಾರದು. 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಅಧಿನಿಯಮದ ಮೇರೆಗೆ ಪುಣೆ ಮುಂತಾದ ನಗರಗಳಲ್ಲಿ ಇದ್ದ ಮಂಡಳಗಳು ಇಡೀ ನಗರದ ಪ್ರಾಥಮಿಕ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದವು. ಅವುಗಳ ರಚನೆಯಲ್ಲಿ ನಗರಸಭೆಯ ಪಾತ್ರವಿತ್ತು, ಪಾಲಕರಿಗೆ ಮತವಿರಲಿಲ್ಲ.

ಯಾರು ನಿಲ್ಲಬಹುದು, ಯಾರು ಮತ ನೀಡಬಹುದು

ಅರ್ಹತೆಯ ವಿಷಯದಲ್ಲಿ ಅಧಿನಿಯಮದ ಮಾತು ಬಹಳ ಸರಳ: ಶಾಲೆಗೆ ದಾಖಲಾದ ಮಗುವಿನ ತಂದೆ, ತಾಯಿ ಅಥವಾ ಪೋಷಕ. ಆಧಾರವಾಗಿರುವುದು ಶಾಲೆಯ ದಾಖಲಾತಿ ಪುಸ್ತಕ. ಆ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕೆಂದಾಗಲಿ, ಪಡಿತರ ಚೀಟಿ ಅಲ್ಲಿಯದೇ ಆಗಿರಬೇಕೆಂದಾಗಲಿ, ರಾಜ್ಯದ ಭಾಷೆಯನ್ನು ಓದಲು ಬರೆಯಲು ಬರಬೇಕೆಂದಾಗಲಿ ಅಧಿನಿಯಮವು ಹೇಳುವುದಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿ ಅಥವಾ ಪುಣೆಗೆ ಹೋಗಿ ನೆಲೆಸಿದ ಕುಟುಂಬಕ್ಕೂ ಹತ್ತಾರು ವರ್ಷಗಳಿಂದ ಅಲ್ಲಿಯೇ ಇರುವ ಕುಟುಂಬಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ಪೋಷಕ ಎಂಬ ಪದದ ಅರ್ಥವೂ ವಿಶಾಲವಾಗಿದೆ. ಮಗುವಿನ ಆರೈಕೆ ಮತ್ತು ಅಭಿರಕ್ಷೆ ಯಾರ ಕೈಯಲ್ಲಿದೆಯೋ ಅವರು ಪೋಷಕರು. ಸಹಜ ಪಾಲಕರೂ ನ್ಯಾಯಾಲಯವು ನೇಮಿಸಿದ ಪಾಲಕರೂ ಅದರಲ್ಲಿ ಸೇರುತ್ತಾರೆ. ತಂದೆತಾಯಿಗಳು ಕೆಲಸ ಅರಸಿ ಬೇರೆ ಊರಿಗೆ ಹೋಗಿದ್ದು, ಮಗುವು ಅಜ್ಜಿಯ ಅಥವಾ ಸೋದರಮಾವನ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದರೆ ಸಭೆಗೆ ಹೋಗಲು ಆ ಅಜ್ಜಿಗೆ, ಆ ಮಾವನಿಗೆ ಅಧಿಕಾರವುಂಟು. ಮಗುವನ್ನು ಸೇರಿಸುವಾಗಲೇ ಅರ್ಜಿಯಲ್ಲಿ ಪೋಷಕರ ಹೆಸರನ್ನು ಬರೆಸಿದ್ದರೆ ಸಭೆಯಲ್ಲಿ ವಾದಕ್ಕೆ ಎಡೆಯಿರುವುದಿಲ್ಲ.

ಸದಸ್ಯತ್ವವು ಮಗುವಿಗೆ ಅಂಟಿಕೊಂಡದ್ದು. ಮಗು ಶಾಲೆಯನ್ನು ಬಿಟ್ಟರೆ ಅಥವಾ ಕೊನೆಯ ತರಗತಿಯನ್ನು ಮುಗಿಸಿದರೆ ಪಾಲಕರು ಆ ಶಾಲೆಯ ಮಗುವಿನ ಪಾಲಕರಾಗಿ ಉಳಿಯುವುದಿಲ್ಲವಾದುದರಿಂದ ಅವರ ಸ್ಥಾನವು ತೆರವಾಗುತ್ತದೆ. ಏಳನೆಯ ತರಗತಿಗೆ ಮುಗಿಯುವ ಶಾಲೆಯಲ್ಲಿ ಏಳನೆಯ ತರಗತಿಯ ಪಾಲಕರನ್ನೇ ಹೆಚ್ಚಾಗಿ ಆರಿಸಿದರೆ ಎರಡು ವರ್ಷಗಳ ಸಮಿತಿ ಒಂದೇ ವರ್ಷದಲ್ಲಿ ಬರಿದಾಗುತ್ತದೆ.

ಒಂದೇ ಕಟ್ಟಡದಲ್ಲಿ ಹಲವು ಮಾಧ್ಯಮಗಳ ಶಾಲೆಗಳು ನಡೆಯುವ ಮಹಾನಗರಗಳಲ್ಲಿ ಇನ್ನೊಂದು ಸಂದೇಹ ಏಳುತ್ತದೆ. ಬೃಹನ್ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಭಾಷಾ ಮಾಧ್ಯಮಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ನೀಡುತ್ತ ಬಂದಿದೆ. ಅಧಿನಿಯಮವು ಸಮಿತಿಯನ್ನು ವಿಧಿಸಿರುವುದು ಶಾಲೆಗೆ, ಕಟ್ಟಡಕ್ಕಲ್ಲ. ಕನ್ನಡ ಶಾಲೆಗೆ ಪ್ರತ್ಯೇಕ ಮುಖ್ಯೋಪಾಧ್ಯಾಯರೂ ಪ್ರತ್ಯೇಕ ದಾಖಲಾತಿ ಪುಸ್ತಕವೂ ಇದ್ದರೆ ಅದಕ್ಕೆ ಪ್ರತ್ಯೇಕ ಸಮಿತಿ ಇರಬೇಕು. ಕನ್ನಡ ತರಗತಿಗಳು ಬೇರೊಂದು ಮಾಧ್ಯಮದ ಶಾಲೆಯ ಭಾಗವಾಗಿದ್ದರೆ ಸಮಿತಿ ಒಂದೇ. ಆಗ ಕನ್ನಡ ವಿಭಾಗದ ಪಾಲಕರೊಬ್ಬರಾದರೂ ಅದರಲ್ಲಿರುವಂತೆ ನೋಡಿಕೊಳ್ಳುವುದು ಸಭೆಗೆ ಬರುವ ಪಾಲಕರಿಗೆ ಬಿಟ್ಟದ್ದು.

ಆಯ್ಕೆಯ ಸಭೆ

ಸಭೆಯ ದಿನಾಂಕ, ವೇಳೆ ಮತ್ತು ಉದ್ದೇಶವನ್ನು ಮುಂಚಿತವಾಗಿ ತಿಳಿಸಬೇಕೆಂಬುದು ಎಲ್ಲ ಚುನಾವಣೆಗಳ ಮೊದಲ ಅಗತ್ಯ. ಮಗುವಿನ ದಿನಚರಿ ಪುಸ್ತಕದಲ್ಲಿ ಬರೆದು ಕಳುಹಿಸುವುದು, ಸೂಚನಾ ಫಲಕದಲ್ಲಿ ಹಾಕುವುದು, ಈಚೆಗೆ ಮೊಬೈಲಿನಲ್ಲಿ ಸಂದೇಶ ರವಾನಿಸುವುದು ಇವೆಲ್ಲ ರೂಢಿಯಲ್ಲಿವೆ. ತೊಡಕಿರುವುದು ಭಾಷೆಯಲ್ಲಿ. ತಮಿಳಿನಲ್ಲೋ ಮರಾಠಿಯಲ್ಲೋ ಬಂದ ಚೀಟಿಯನ್ನು ಓದಲಾರದ ತಾಯಿ ಅದನ್ನು ಶುಲ್ಕದ ಚೀಟಿಯೆಂದೋ ರಜೆಯ ಸೂಚನೆಯೆಂದೋ ತಿಳಿದು ಸುಮ್ಮನಾಗುವುದುಂಟು. ಕನ್ನಡ ವಿಭಾಗವಿರುವ ಶಾಲೆಯಲ್ಲಿ ಸೂಚನೆಯನ್ನು ಕನ್ನಡದಲ್ಲಿಯೂ ಕೊಡಬೇಕೆಂದು ಪಾಲಕರು ಮುಖ್ಯೋಪಾಧ್ಯಾಯರಿಗೆ ಲಿಖಿತ ಕೋರಿಕೆ ಸಲ್ಲಿಸಬಹುದು; ಕನ್ನಡ ಶಿಕ್ಷಕರಿರುವ ಶಾಲೆಯಲ್ಲಿ ಇದು ದೊಡ್ಡ ಹೊರೆಯಲ್ಲ. ಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ದಿನಗೂಲಿಯವರು ಬರಲಾರರು. ಸಂಜೆ ಅಥವಾ ಭಾನುವಾರ ಕರೆಯುವಂತೆಯೂ ಅದೇ ಕೋರಿಕೆಯಲ್ಲಿ ಕೇಳಬಹುದು.

ಸಭೆಯಲ್ಲಿ ಮೊದಲು ಸ್ಥಾನಗಳ ಲೆಕ್ಕವನ್ನು ಓದಿ ಹೇಳಬೇಕು: ಒಟ್ಟು ಎಷ್ಟು, ಪಾಲಕರಿಗೆ ಎಷ್ಟು, ಮಹಿಳೆಯರಿಗೆ ಎಷ್ಟು, ಯಾವ ವರ್ಗಕ್ಕೆ ಎಷ್ಟು. ಅನಂತರ ಹೆಸರುಗಳನ್ನು ಸೂಚಿಸುವುದು, ಅನುಮೋದಿಸುವುದು, ಸ್ಥಾನಗಳಿಗಿಂತ ಹೆಚ್ಚು ಹೆಸರುಗಳು ಬಂದರೆ ಮತಕ್ಕೆ ಹಾಕುವುದು. ಹಾಜರಿದ್ದವರ ಸಹಿಯೊಡನೆ ನಡಾವಳಿಯನ್ನು ಅಲ್ಲಿಯೇ ಬರೆಯಬೇಕು. ಹೆಬ್ಬೆಟ್ಟು ಒತ್ತುವವರಿಗೆ ನಡಾವಳಿಯನ್ನು ಅವರ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಗುರುತು ಪಡೆಯುವುದು ಸರಿಯಾದ ಕ್ರಮ. ಖಾಲಿ ಹಾಳೆಯ ಮೇಲೆ ಸಹಿ ಮಾಡಿಸಿಕೊಳ್ಳುವುದು, ಮಗುವಿನ ಕೈಯಲ್ಲಿ ಪುಸ್ತಕವನ್ನು ಮನೆಗೆ ಕಳುಹಿಸಿ ಸಹಿ ತರಿಸಿಕೊಳ್ಳುವುದು ಆಯ್ಕೆ ಎನಿಸಿಕೊಳ್ಳುವುದಿಲ್ಲ.

ಸಮಿತಿಗೆ ಇರುವ ಅಧಿಕಾರ

ಇಷ್ಟೆಲ್ಲ ನಿಯಮಗಳು ಯಾವ ಅಧಿಕಾರಕ್ಕಾಗಿ ಎಂದು ಕೇಳುವುದು ನ್ಯಾಯವೇ. ಸಮಿತಿಯು ಶಿಕ್ಷಕರನ್ನು ನೇಮಿಸಲಾರದು, ವರ್ಗಾಯಿಸಲಾರದು, ಪಠ್ಯಕ್ರಮವನ್ನು ಬದಲಾಯಿಸಲಾರದು. ಶಾಲೆಯ ಕಾರ್ಯವನ್ನು ಗಮನಿಸುತ್ತಿರುವುದು, ಅನುದಾನದ ಬಳಕೆಯನ್ನು ಪರಿಶೀಲಿಸುವುದು, ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ ಶಿಫಾರಸು ಮಾಡುವುದು ಇವು ಅಧಿನಿಯಮವು ಹೇಳಿದ ಮುಖ್ಯ ಕಾರ್ಯಗಳು. ಶಿಕ್ಷಕರು ವೇಳೆಗೆ ಸರಿಯಾಗಿ ಬರುತ್ತಾರೆಯೇ, ಮಧ್ಯಾಹ್ನದ ಊಟ ಸರಿಯಾಗಿದೆಯೇ, ಮಕ್ಕಳಿಗೆ ಹೊಡೆತ ಅಥವಾ ಅವಮಾನ ಆಗುತ್ತಿದೆಯೇ, ಯಾವುದಾದರೂ ಮಗುವಿಗೆ ಪ್ರವೇಶ ನಿರಾಕರಿಸಲಾಗಿದೆಯೇ ಎಂಬುದನ್ನು ನೋಡಿ ಸ್ಥಳೀಯ ಪ್ರಾಧಿಕಾರದ ಗಮನಕ್ಕೆ ತರುವುದು ನಿಯಮಗಳು ಸೇರಿಸಿದ ಕಾರ್ಯ. ಕೇಂದ್ರ ನಿಯಮಗಳ ಮೇರೆಗೆ ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಸಮಿತಿಗೆ ಬಂದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಮಾಡಿಸಬೇಕು.

ಇವುಗಳಲ್ಲಿ ಹೆಚ್ಚು ತೂಕವಿರುವುದು ಅಭಿವೃದ್ಧಿ ಯೋಜನೆಗೆ. 22ನೆಯ ಪ್ರಕರಣದ ಪ್ರಕಾರ ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರವು ಶಾಲೆಗೆ ಕೊಡುವ ಅನುದಾನಕ್ಕೆ ಈ ಯೋಜನೆಯೇ ಆಧಾರ. ಮೂರು ವರ್ಷಗಳ ಯೋಜನೆಯಲ್ಲಿ ಪ್ರತಿ ವರ್ಷದ ಉಪಯೋಜನೆ ಇರಬೇಕು. ತರಗತಿವಾರು ಮಕ್ಕಳ ಅಂದಾಜು ಸಂಖ್ಯೆ, ಬೇಕಾಗುವ ಹೆಚ್ಚುವರಿ ಶಿಕ್ಷಕರು, ಕೊಠಡಿ, ಸಲಕರಣೆ, ಹಣ ಇವುಗಳನ್ನು ಕಾಣಿಸಿ, ಅಧ್ಯಕ್ಷರೂ ಸಂಚಾಲಕರೂ ಸಹಿ ಹಾಕಿ ಆರ್ಥಿಕ ವರ್ಷ ಮುಗಿಯುವ ಮುನ್ನ ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಬೇಕು.

ಅಧಿನಿಯಮದ ಅನುಸೂಚಿಯು ಒಂದರಿಂದ ಐದನೆಯ ತರಗತಿಯವರೆಗೆ ಅರವತ್ತು ಮಕ್ಕಳಿಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರೆಂದು ಗೊತ್ತುಪಡಿಸಿದೆ. ಒಂದು ಕನ್ನಡ ಶಾಲೆಯಲ್ಲಿ ಈ ವರ್ಷ 84 ಮಕ್ಕಳಿದ್ದಾರೆಂದು ಭಾವಿಸಿದರೆ ಅದಕ್ಕೆ ಮೂವರು ಶಿಕ್ಷಕರು. ಬಡಾವಣೆಯಲ್ಲಿ ಇನ್ನೂ ಹನ್ನೊಂದು ಕನ್ನಡ ಮಕ್ಕಳು ಸೇರಲಿದ್ದಾರೆಂಬುದು ಸಮಿತಿಯಲ್ಲಿರುವ ಪಾಲಕರಿಗೆ ಗೊತ್ತು. ವರ್ಗವಾಗಿ ಬಂದ ಮುಖ್ಯೋಪಾಧ್ಯಾಯರಿಗೆ ಗೊತ್ತಿರಲಾರದು. ಯೋಜನೆಯಲ್ಲಿ 95 ಎಂದು ಬರೆದರೆ ನಾಲ್ಕನೆಯ ಶಿಕ್ಷಕರಿಗೆ ಬೇಡಿಕೆ ಸಲ್ಲುತ್ತದೆ. ಹಳೆಯ ಅಂಕಿಯನ್ನೇ ನಕಲು ಮಾಡಿದರೆ ಸಲ್ಲುವುದಿಲ್ಲ. ಮಂಜೂರಾದ ಹುದ್ದೆಗಳಲ್ಲಿ ಶೇಕಡಾ ಹತ್ತಕ್ಕಿಂತ ಹೆಚ್ಚು ಖಾಲಿ ಇರಕೂಡದೆಂದು 26ನೆಯ ಪ್ರಕರಣವು ಹೇಳುತ್ತದೆ. ಖಾಲಿ ಹುದ್ದೆಯನ್ನು ನಡಾವಳಿಯಲ್ಲಿ ತಿಂಗಳು ತಿಂಗಳೂ ದಾಖಲಿಸುವ ಸಮಿತಿಯ ಕೈಗೆ ಅದರಿಂದ ಒಂದು ಆಧಾರ ದೊರೆಯುತ್ತದೆ.

ಕನ್ನಡ ಮಾಧ್ಯಮದ ಉಳಿವಿನ ಪ್ರಶ್ನೆಯೂ ಕೊನೆಗೆ ಮಕ್ಕಳ ಸಂಖ್ಯೆಗೇ ಬಂದು ನಿಲ್ಲುತ್ತದೆ. 1949ರ ಆಗಸ್ಟ್‌ನಲ್ಲಿ ಸೇರಿದ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯಲ್ಲಿ ನಾಲ್ವತ್ತು ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ಒದಗಿಸಬೇಕೆಂದು ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದಿದೆ. 2009ರ ಅಧಿನಿಯಮವೂ ಬೋಧನ ಮಾಧ್ಯಮವು ಕಾರ್ಯಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂದು ಹೇಳಿದೆ. “ಕಾರ್ಯಸಾಧ್ಯವಾದಷ್ಟು” ಎಂಬ ಮಾತಿನ ಅರ್ಥವನ್ನು ಕಚೇರಿಯಲ್ಲಿ ನಿರ್ಧರಿಸುವಾಗ ಅವರ ಮುಂದಿರುವುದು ಶಾಲೆಯಿಂದ ಬಂದ ಅಂಕಿ ಅಂಶ. ಆ ಅಂಕಿಗೆ ಸಹಿ ಹಾಕುವವರಲ್ಲಿ ಸಮಿತಿಯ ಅಧ್ಯಕ್ಷರೊಬ್ಬರು.

ಕನ್ನಡ ಸಂಘಗಳು ನಡೆಸುವ ಶಾಲೆಗಳು

ಹೊರನಾಡಿನಲ್ಲಿ ಕನ್ನಡ ಸಂಘ ಸಂಸ್ಥೆಗಳೇ ಸ್ಥಾಪಿಸಿದ ಶಾಲೆಗಳ ಸ್ಥಿತಿ ಬೇರೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದರ ಮೇರೆಗೆ ಕರ್ನಾಟಕದ ಹೊರಗೆ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. 30ನೆಯ ಅನುಚ್ಛೇದದ ರಕ್ಷಣೆ ಅವರ ಸಂಸ್ಥೆಗಳಿಗೆ ಉಂಟು. 2012ರ ತಿದ್ದುಪಡಿಯು ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಲ್ಲಿ ಈ ಸಮಿತಿಯನ್ನು ಸಲಹೆಗೆ ಮಾತ್ರ ಸೀಮಿತಗೊಳಿಸಿತು. 2014ರ ಮೇ ತಿಂಗಳಲ್ಲಿ ಪ್ರಮತಿ ಟ್ರಸ್ಟಿನ ಮೊಕದ್ದಮೆಯಲ್ಲಿ ಸಂವಿಧಾನ ಪೀಠವು ಅನುದಾನಿತವಾಗಲಿ ಅನುದಾನರಹಿತವಾಗಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಅಧಿನಿಯಮವೇ ಅನ್ವಯಿಸದೆಂದು ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠವು ಪರಿಶೀಲಿಸುವುದು ಸೂಕ್ತವೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ಅಂತಹ ಶಾಲೆಗಳಲ್ಲಿ ಪಾಲಕರ ಸ್ಥಾನವು ಸದ್ಯಕ್ಕೆ ಆಯಾ ಸಂಸ್ಥೆಯ ನಿಯಮಾವಳಿಯನ್ನು ಅವಲಂಬಿಸಿದೆ. ಸಂಘದ ಸದಸ್ಯರು ಬಯಸಿದರೆ ಪಾಲಕರಿಗೆ ಸ್ಥಾನ ಕೊಡಲು ಯಾವ ಕಾನೂನೂ ಅಡ್ಡಿ ಮಾಡುವುದಿಲ್ಲ.

ಖಾಸಗಿ ಶಾಲೆಗಳ ವಿಷಯದಲ್ಲಿ ಮಹಾರಾಷ್ಟ್ರದ ಒಂದು ಏರ್ಪಾಡನ್ನು ಹೇಳಬಹುದು. ಶುಲ್ಕ ನಿಯಂತ್ರಣಕ್ಕೆ ಸಂಬಂಧಿಸಿದ 2011ರ ರಾಜ್ಯ ಅಧಿನಿಯಮದ ಮೇರೆಗೆ ಪಾಲಕ ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಗೆ ಪಾಲಕರನ್ನು ಆರಿಸುವುದು ಮತದಿಂದಲ್ಲ, ಇಚ್ಛೆ ತೋರಿಸಿದವರ ಹೆಸರುಗಳಲ್ಲಿ ಚೀಟಿ ಎತ್ತುವ ಮೂಲಕ. ಆಡಳಿತ ಮಂಡಳಿಗೆ ಬೇಕಾದವರೇ ಬರುವುದನ್ನು ತಪ್ಪಿಸಲು ಇದು ಉಪಾಯ. ಹೆಸರು ಕೊಡದವರಿಗೆ ಚೀಟಿಯೂ ಇಲ್ಲ.

ದೂರು ಸಲ್ಲಿಸುವ ಕ್ರಮ

ಸಮಿತಿಯ ನಡಾವಳಿ ಮತ್ತು ನಿರ್ಣಯಗಳು ಸಾರ್ವಜನಿಕರಿಗೆ ದೊರೆಯುವಂತಿರಬೇಕೆಂದು ಕೇಂದ್ರ ನಿಯಮಗಳಲ್ಲಿದೆ. ಆದುದರಿಂದ ಸಮಿತಿ ಯಾವಾಗ ರಚನೆಯಾಯಿತು, ಸದಸ್ಯರು ಯಾರು, ಆಯ್ಕೆಯ ಸಭೆಗೆ ಎಷ್ಟು ಮಂದಿ ಬಂದಿದ್ದರು ಎಂದು ಕೇಳಿ ತಿಳಿಯುವುದಕ್ಕೆ ಪಾಲಕರು ಸಂಕೋಚಪಡಬೇಕಾಗಿಲ್ಲ. ಶಾಲೆಯಲ್ಲಿ ಉತ್ತರ ದೊರೆಯದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಅರ್ಜಿ ಸಲ್ಲಿಸಬಹುದು.

ಮಗುವಿನ ಹಕ್ಕಿಗೆ ಸಂಬಂಧಿಸಿದ ಯಾವುದೇ ಕುಂದುಕೊರತೆಗೆ 32ನೆಯ ಪ್ರಕರಣದ ಮೇರೆಗೆ ಸ್ಥಳೀಯ ಪ್ರಾಧಿಕಾರಕ್ಕೆ, ಅಂದರೆ ನಗರಪಾಲಿಕೆ, ಜಿಲ್ಲಾ ಪರಿಷತ್ತು ಮುಂತಾದವಕ್ಕೆ, ಬರಹದಲ್ಲಿ ದೂರು ಕೊಡಬೇಕು. ಪ್ರಾಧಿಕಾರವು ಸಂಬಂಧಪಟ್ಟವರ ಅಹವಾಲನ್ನು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನವು ಒಪ್ಪಿಗೆಯಾಗದಿದ್ದಲ್ಲಿ ರಾಜ್ಯದ ಮಕ್ಕಳ ಹಕ್ಕುಗಳ ಸಂರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವುಂಟು. ದೂರಿನಲ್ಲಿ ಶಾಲೆಯ ಹೆಸರು, ಮಗುವಿನ ತರಗತಿ, ಸಭೆ ನಡೆಯಿತೆಂದು ಹೇಳಲಾದ ದಿನಾಂಕ ಮತ್ತು ಪಾಲಕರಿಗೆ ಸೂಚನೆ ತಲಪಿದ ಅಥವಾ ತಲಪದ ಸಂಗತಿಯನ್ನು ಬರೆದು, ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಬೇಕು. ಮೂರು ತಿಂಗಳ ಅವಧಿಯ ಲೆಕ್ಕ ತೋರಿಸಲು ಮುಂದೆ ಆ ದಿನಾಂಕವೇ ಆಧಾರವಾಗುತ್ತದೆ.